ಏಳನೆಯ ಜಾಗ

ಹಾಳೆಯ ಮೇಲೆ ಅದು ಬಹಳ ಸರಳ. ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಗೆರೆ ಹೊಡೆಯಬೇಕು. ಒಂದು ಚೌಕದಲ್ಲಿ ಒಂದೇ ಕಣ. ಮುಂದಿನ ಚೌಕ ಖಾಲಿ ಇದ್ದರೆ ಕಣ ಅಲ್ಲಿಗೆ ಜಿಗಿಯುತ್ತದೆ. ಇಲ್ಲದಿದ್ದರೆ ತನ್ನ ಸರದಿಗಾಗಿ ಕಾಯುತ್ತದೆ. ಗದಗ ಬಸ್ ನಿಲ್ದಾಣದಲ್ಲಿ ಯಾರೂ ಪಾಲಿಸದ ಈ ನಿಯಮವನ್ನು ಹತ್ತಿಯ ಧೂಳು ತಕ್ಕಮಟ್ಟಿಗೆ ಪಾಲಿಸುತ್ತದೆ ಎಂಬ ನಂಬಿಕೆಯಲ್ಲಿ ಡಾ. ಶಾಂಭವಿ ಮುಳಗುಂದ ತನ್ನ ಆಯುಷ್ಯದ ಹನ್ನೊಂದು ವರ್ಷ ಕಳೆದಿದ್ದಳು.

ಆ ನಂಬಿಕೆಯ ಫಲವೇ ‘ಜೋಡಿ’. ಗದಗಿನಿಂದ ಮುಕ್ಕಾಲು ತಾಸಿನ ದಾರಿಯ ಊರೊಂದರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಇತ್ತು. ಗುಡ್ಡದ ಬದಿಯಲ್ಲಿದ್ದುದರಿಂದ ಊರವರು ಅದನ್ನು ಮ್ಯಾಗಿನ ಮಿಲ್ಲು ಎನ್ನುತ್ತಿದ್ದರು. ಅದರ ಒಳಗೆ ಹದಿನಾರು ಕ್ಯಾಮೆರಾಗಳನ್ನು ತೂಗಿ, ಲೇಸರಿನ ತೆಳುವಾದ ಬೆಳಕನ್ನು ಹಾಳೆಯಂತೆ ಹಾಯಿಸಿ, ಗಾಳಿಯಲ್ಲಿ ತೇಲುವ ಒಂದೊಂದು ಎಳೆಯನ್ನೂ ಹಿಂಬಾಲಿಸುವ ಏರ್ಪಾಡಾಗಿತ್ತು. ಅಂಗಳದಲ್ಲಿದ್ದ ಹಳೆಯ ತೂಕದ ಕೋಣೆಯಲ್ಲಿ, ತಗಡಿನ ಸೂರಿನ ಕೆಳಗೆ, ಕಂಪ್ಯೂಟರಿನೊಳಗೆ ಇನ್ನೊಂದು ಮಿಲ್ಲು ನಡೆಯುತ್ತಿತ್ತು, ಅದೇ ಜೋಡಿ. ನಿಜವಾದ ಮಿಲ್ಲಿನಲ್ಲಿ ಯಾರಾದರೂ ಸೆರಗು ಕೊಡವಿದರೆ ಲೆಕ್ಕದ ಮಿಲ್ಲಿನಲ್ಲೂ ಧೂಳು ಏಳಬೇಕು. ಎರಡಕ್ಕೂ ಹೊಂದಿಕೆಯಾದರೆ, ಧೂಳು ಹೀರುವ ಕೊಳವೆಯನ್ನು ಎಲ್ಲಿ ಕೂರಿಸಬೇಕೆಂಬುದನ್ನು ತಗಡು ಕೊಯ್ಯುವ ಮೊದಲೇ ಹೇಳಬಹುದು. ಮಾಲೀಕರು ಒಪ್ಪಿದ್ದು ಒಂದೇ ಕೊಳವೆಗೆ. ಕೂರಿಸಲು ಕೊಟ್ಟಿದ್ದು ಒಂದೇ ಭಾನುವಾರ.

ಇದು ತಮಾಷೆಯ ಸಂಶೋಧನೆಯಾಗಿರಲಿಲ್ಲ. ಒಳಗೆ ಬೆಲ್ಟಿನ ಎರಡೂ ಬದಿಗೆ ಹನ್ನೆರಡು ಹನ್ನೆರಡು ಜಾಗಗಳು. ಅಲ್ಲಿ ನಿಂತ ಹೆಂಗಸರು, ಹರಿದು ಬರುವ ಅರಳೆಯಿಂದ ಎಲೆಚೂರು, ಕೂದಲು, ಪ್ಲಾಸ್ಟಿಕ್ ದಾರ ಆರಿಸಿ ತೆಗೆಯುತ್ತಿದ್ದರು, ಉಳಿದದ್ದನ್ನು ಉಸಿರಾಡುತ್ತಿದ್ದರು. ಭಾನುವಾರ ರಜೆ. ಸೋಮವಾರ ಮಿಲ್ಲು ಶುರುವಾದೊಡನೆ ಎಲ್ಲರಿಗೂ ಎದೆ ಬಿಗಿದು ಕೆಮ್ಮು. ಮಂಗಳವಾರಕ್ಕೆ ಕಡಿಮೆ, ಶನಿವಾರಕ್ಕೆ ಮರೆತೇಹೋಗುವಷ್ಟು. ಅವರು ಅದನ್ನು ‘ಸೋಮವಾರದ ದಮ್ಮು’ ಎನ್ನುತ್ತಿದ್ದರು. ವಿಶ್ರಾಂತಿ ತೆಗೆದುಕೊಂಡ ತಪ್ಪಿಗೆ ಶರೀರ ಕೊಡುವ ಶಿಕ್ಷೆ ಎಂದೇ ಹಲವರು ತಿಳಿದಿದ್ದರು.

ಹಂಗಾಮಿನ ಮೂರನೆಯ ವಾರಕ್ಕೆ ಜೋಡಿ ನಿಜದ ಮಿಲ್ಲಿನ ಜೊತೆ ನೂರಕ್ಕೆ ತೊಂಬತ್ತೇಳರಷ್ಟು ಹೊಂದಿಕೊಂಡಿತು. ಒಂದು ಕಡೆ ಬಿಟ್ಟು. ಕಿಟಕಿ ಸಾಲಿನ ಏಳನೆಯ ಜಾಗ. ಅಲ್ಲಿ ಧೂಳು, ಹೊಳೆಯ ನೀರು ಬಂಡೆಯ ಎರಡೂ ಬದಿಗೆ ಸೀಳುವಂತೆ, ಸೀಳಿ ಹೋಗುತ್ತಿತ್ತು. ಬಂಡೆಯ ಎತ್ತರ ಐದಡಿ. ಮೇಲ್ಭಾಗದಲ್ಲಿ ತಲೆಯಷ್ಟು ಅಗಲ, ಕೆಳಗೆ ಹೆಗಲಷ್ಟು.

“ಏಳನೇ ಜಾಗದಾಗ ಯಾರೂ ನಿಂದ್ರೂದಿಲ್ರಿ ಮೇಡಂ,” ಎಂದ ಮ್ಯಾನೇಜರ್ ಗುರುಶಾಂತಪ್ಪ. “ನಿಮ್ಮ ಮಷೀನಿಗೆ ಕಾಣಸ್ತಾರ ಅಂದ್ರ ಕ್ಯಾಮೆರಾ ಒರಸ್ರಿ.”

ಕ್ಯಾಮೆರಾಗಳನ್ನು ಶಾಂಭವಿ ಆಗಲೇ ಮೂರು ಸಲ ಒರೆಸಿದ್ದಳು.

“ಯಾಕ ನಿಂದ್ರೂದಿಲ್ಲ?”

“ಇಬ್ಬರನ್ನ ನಿಂದರಸಿ ನೋಡೇನ್ರಿ. ಒಬ್ಬಾಕಿ ಎರಡ ದಿನ, ಇನ್ನೊಬ್ಬಾಕಿ ಊಟದ ತನಕಾ. ಉಸರು ಕಟ್ಟತದ ಅಂತ ಹೋದ್ರು. ಎಲ್ಲಾರಿಗೂ ಕಟ್ಟತದ. ಇವರಿಗೆ ಗೌರವ ಕೊಟ್ಟು ಕಟ್ಟಬೇಕಾಗಿತ್ತೇನೋ.”

ಶಾಂಭವಿ ಒಳಗೆ ಹೋದಳು. ಜಿನ್ನು ಯಂತ್ರಗಳ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಬೇಕು. ಅಲ್ಲಿನ ಹೆಂಗಸರು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ಏಳನೆಯ ಜಾಗದ ಎದುರಿನ ಕಬ್ಬಿಣದ ಸರಳಿಗೆ ನೀಲಿ ಅಂಚಿನ ಟವೆಲ್ಲೊಂದನ್ನು ಕಟ್ಟಲಾಗಿತ್ತು. ಅದರ ಬಣ್ಣ ಬಿಳಿಯೋ ಅಥವಾ ಧೂಳೇ ಅದರ ಬಣ್ಣವೋ ಹೇಳುವಂತಿರಲಿಲ್ಲ. ಹತ್ತಿರದಿಂದ ನೋಡಲು ಅವಳು ಹೆಜ್ಜೆ ಮುಂದಿಟ್ಟಳು.

“ಹಾಂ ಹಾಂ, ಮೇಡಮ್ಮಾರ, ಅಲ್ಲಿ ಬ್ಯಾಡ್ರಿ!” ಎಂದು ಆರನೆಯ ಜಾಗದ ಮಾಬೂಬಿ ಕೂಗಿದಳು. “ಅಲ್ಲಿ ಕಲ್ಲವ್ವ ಅದಾಳ.”

“ಎಲ್ಲಿ?”

“ಇಲ್ರಿ. ಸತ್ತಾಳ. ಜಾಗ ಹಿಡದೇವಿ.”

ಅದು ಆ ಮಿಲ್ಲಿನ ರೂಢಿ. ಸಾಲಿನಲ್ಲೊಬ್ಬಳು ಬಾಣಂತನಕ್ಕೋ ಜ್ವರಕ್ಕೋ ಮನೆಯಲ್ಲಿ ಉಳಿದರೆ, ಅವಳ ಟವೆಲ್ಲನ್ನು ಸರಳಿಗೆ ಕಟ್ಟಿ, ಅವಳ ಪಾಲಿನ ಬೆಲ್ಟನ್ನು ಆಚೀಚೆಯವರು ಕೈ ಚಾಚಿ ಅರ್ಧರ್ಧ ಆರಿಸುತ್ತಿದ್ದರು. ಅವಳು ತಿರುಗಿ ಬಂದು ತಾನೇ ಟವೆಲ್ ಬಿಚ್ಚಿಕೊಳ್ಳುವ ತನಕ ಅಲ್ಲಿ ಬೇರೆ ಯಾರೂ ನಿಲ್ಲುವಂತಿರಲಿಲ್ಲ. ಕಲ್ಲವ್ವ ಮಿಲ್ಲು ಬಿಟ್ಟದ್ದೂ ಹಾಗೆಯೇ: ಒಂದು ವಾರ ಸುಧಾರಿಸಿಕೊಂಡು ಬರುತ್ತೇನೆಂದು ಟವೆಲ್ ಕಟ್ಟಿ ಹೋದಳು. ಒಂಬತ್ತನೆಯ ದಿನ ಎದೆ ನಿಂತಿತು. ಅದಾಗಿ ಹನ್ನೊಂದು ತಿಂಗಳು. ಸತ್ತವರ ಟವೆಲ್ಲನ್ನು ಬಿಚ್ಚಬೇಕಾದವರು ಯಾರು ಎಂಬುದಕ್ಕೆ ರೂಢಿಯಲ್ಲಿ ಉತ್ತರವಿರಲಿಲ್ಲ. ಎಂಟನೆಯ ಜಾಗದಲ್ಲಿ ನಿಲ್ಲುತ್ತಿದ್ದ ನೀಲವ್ವ ಕಲ್ಲವ್ವನ ಸ್ವಂತ ತಂಗಿ. ಅವಳನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನೀಲವ್ವ ಶಾಂಭವಿಯನ್ನು ಒಮ್ಮೆ ನೋಡಿ, ಕೆಮ್ಮಿ, ಮತ್ತೆ ಅರಳೆಗೆ ಕೈ ಹಾಕಿದಳು.

ಶಾಂಭವಿಗೆ ನಿರಾಳವಾಯಿತು. ಕಾರಣ ಸಿಕ್ಕಿತ್ತು. ಆರು ಮತ್ತು ಎಂಟನೆಯವರು ಖಾಲಿ ಜಾಗಕ್ಕೆ ದಿನವಿಡೀ ಕೈ ಚಾಚುತ್ತಾರೆ. ನಡೆಯುವವರೆಲ್ಲ ಆ ಜಾಗ ಬಳಸಿ ನಡೆಯುತ್ತಾರೆ. ಗಾಳಿಯೂ ಹಾಗೆಯೇ ಕಲಿತಿದೆ. ಲೋಟದಲ್ಲಿ ಬಿಟ್ಟ ಚಹಾ ಆರಿ ಕೋಣೆಯಷ್ಟೇ ತಣ್ಣಗಾದ ಮೇಲೆ, ಅದನ್ನು ಯಾರು ಯಾವಾಗ ಬಸಿದರೆಂದು ಯಾವ ವಿಜ್ಞಾನಿಯೂ ಹೇಳಲಾರ. ಸಮತೋಲ ಎಂದರೆ ಪೂರಾ ಮರೆವು. ಆದರೆ ಮಿಲ್ಲು ಆರಿದ ಚಹಾ ಅಲ್ಲ. ಒಂದು ಕಡೆ ಜಿನ್ನು ಎಸೆಯುತ್ತಿದೆ, ಇನ್ನೊಂದು ಕಡೆ ಫ್ಯಾನು ಎಳೆಯುತ್ತಿದೆ. ಸಮತೋಲದಿಂದ ಬಹುದೂರ ಇರುವ ಇಂಥ ಹರಿವು, ಹರಿಯುತ್ತಿರುವ ತನಕ, ತನ್ನೊಳಗೆ ನಡೆದದ್ದನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸೆಳವಿನಲ್ಲಿ ಸುಳಿ ನಿಂತಂತೆ. ನೀರು ಬದಲಾಗುತ್ತಲೇ ಇರುತ್ತದೆ, ಸುಳಿ ಇದ್ದಲ್ಲೇ ಇರುತ್ತದೆ.

ಅವಳು ಆ ಚಾಚುವ ಕೈಗಳನ್ನು ಜೋಡಿಗೆ ಕಲಿಸಿದಳು. ಏಳನೆಯ ಜಾಗದ ಆ ಆಕೃತಿಯ ನೂರರಲ್ಲಿ ಎಂಬತ್ತು ಪಾಲು ಅರ್ಥವಾಯಿತು. ಉಳಿದ ಇಪ್ಪತ್ತಕ್ಕೆ ಪುಸ್ತಕದಲ್ಲಿ ‘ಉಳಿಕೆ’ ಎಂದು ಬರೆದಳು. ದೆವ್ವಕ್ಕೆ ವಿಜ್ಞಾನದಲ್ಲಿರುವ ಮರ್ಯಾದಸ್ಥ ಹೆಸರು ಅದು.

ಆ ಉಳಿಕೆ ಸುಮ್ಮನಿರಲಿಲ್ಲ. ಆಕೃತಿಯ ತಲೆಯ ಎತ್ತರದಲ್ಲಿ ಧೂಳು ಸ್ವಲ್ಪ ಒಳಗೆ ಸರಿದು ಸ್ವಲ್ಪ ಹೊರಗೆ ಬರುತ್ತಿತ್ತು. ನಿಮಿಷಕ್ಕೆ ಇಪ್ಪತ್ತಾರು ಸಲ. ಶಾಂಭವಿ ಮಾಬೂಬಿಯನ್ನೂ ನೀಲವ್ವನನ್ನೂ ಒಂದು ತಾಸು ಚಹಾಕ್ಕೆ ಕಳಿಸಿ ನೋಡಿದಳು. ಆಕೃತಿ ಮಸುಕಾಯಿತು, ಮಿಡಿತ ನಿಲ್ಲಲಿಲ್ಲ. ಶನಿವಾರ ಕೆಲಸ ಮುಗಿದು ಫ್ಯಾನು ನಿಂತ ಹತ್ತೊಂಬತ್ತು ನಿಮಿಷಕ್ಕೆ ಎಲ್ಲ ಕರಗಿ ನೆಲಕ್ಕಿಳಿಯುತ್ತಿತ್ತು. ಸೋಮವಾರ ಹನ್ನೊಂದರ ಹೊತ್ತಿಗೆ ಮತ್ತೆ ಬಂದು ನಿಲ್ಲುತ್ತಿತ್ತು, ತಡವಾಗಿ ಬಂದವರು ಸೆರಗು ಸರಿಮಾಡಿಕೊಂಡು ನಿಲ್ಲುವಂತೆ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಅವಳು ಆ ಪರದೆಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಳು. ಎದುರಿಗೆ ಕೂರುವುದೂ ಅಷ್ಟೇನೂ ಹಿತವಾಗಿರಲಿಲ್ಲ.

ಕೊಳವೆಯ ಜಾಗ ಹೇಳು ಎಂದಾಗ ಜೋಡಿ ಒಂದೇ ಉತ್ತರ ಕೊಟ್ಟಿತು. ಏಳನೆಯ ಜಾಗದ ಮೇಲೆ, ತಲೆಗಿಂತ ಒಂದು ಗೇಣು ಎತ್ತರದಲ್ಲಿ. ಕಾರಣವನ್ನೂ ತೋರಿಸಿತು: ಆಕೃತಿಯ ಎರಡೂ ಬದಿಗೆ ಸೀಳಿದ ಧೂಳು ಮುಂದೆ ಹೋಗಿ ಕೂಡಿಕೊಳ್ಳುವುದು ಸರಿಯಾಗಿ ಎಂಟನೆಯವಳ ಮೂಗಿನ ಮುಂದೆ. ಜಾಗ ಹಿಡಿದು ನಿಂತ ನೀಲವ್ವ, ಸಾಲಿನಲ್ಲಿ ಎಲ್ಲರಿಗಿಂತ ಎರಡು ಪಟ್ಟು ಧೂಳು ಕುಡಿಯುತ್ತಿದ್ದಳು. ಎದೆಯ ಬಲ ಅಳೆಯಲು ಊದಿಸುವ ಮೀಟರಿನಲ್ಲಿ ಮುನ್ನೂರೈವತ್ತಕ್ಕೆ ಏರಬೇಕಿದ್ದ ಅವಳ ಉಸಿರಿನ ಮುಳ್ಳು ಹಂಗಾಮಿನ ಮೊದಲಿಗೆ ಇನ್ನೂರ ಮೂವತ್ತಕ್ಕೆ ಬಂದಿತ್ತು. ಈಗ ನೂರ ತೊಂಬತ್ತು.

“ಬ್ಯಾರೆ ಕಡೆ ಹಚ್ರಿ,” ಎಂದಳು ನೀಲವ್ವ. ಅವಳು ಬೇಡವೆಂದರೆ ಕಿಟಕಿ ಸಾಲಿನ ಹನ್ನೊಂದು ಹೆಂಗಸರೂ ಬೇಡವೆನ್ನುತ್ತಿದ್ದರು. ಹತ್ತಿ ಬರುವ ದಿನಗಳಲ್ಲಿ ಅವರನ್ನು ಎದುರು ಹಾಕಿಕೊಳ್ಳುವಷ್ಟು ಗುರುಶಾಂತಪ್ಪ ದಡ್ಡನಲ್ಲ.

ಶನಿವಾರ ಸಂಜೆ ಶಾಂಭವಿ ನೀಲವ್ವನ ಮನೆಗೆ ಹೋದಳು. ಹೋಗಲು ನೆಪವಿತ್ತು. ನೀಲವ್ವನ ಗಂಡ ಈರಣ್ಣ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮಿಲ್ಲಿನಲ್ಲಿ ಕೆಮ್ಮು ಎಣಿಸಲು ಅವನ ಒಂದು ಮೈಕನ್ನು ಅವಳು ಒಯ್ದಿದ್ದಳು, ಅದರ ಬಾಡಿಗೆ ಕೊಡಬೇಕಿತ್ತು.

“ಲಗ್ನದಾಗ ಹಾಡು ಹಚ್ಚೂ ಮೈಕ್ರಿ ಅದು,” ಎಂದ ಈರಣ್ಣ, ಚಾಪೆ ಹಾಸುತ್ತ. “ಕೆಮ್ಮು ಕೇಳಿ ಕೇಳಿ ಅದಕ್ಕೂ ದಮ್ಮು ಹತ್ತೀತು. ಮದುಮಕ್ಕಳ ಮುಂದ ಕೆಮ್ಮಿದ್ರ ನಾ ಏನ್ ಹೇಳ್ಲಿ?”

“ನಿಮ್ಮ ಹಾಡಿಗಿಂತ ಚಲೋ ಇರ್ತದ ತಗೋರಿ,” ಎಂದಳು ಒಲೆಯ ಮುಂದಿದ್ದ ನೀಲವ್ವ. “ಊಟಾ ಮಾಡಿ ಹೋಗ್ರಿ ಮೇಡಮ್ಮಾರ. ಕೊಳವಿ ಮಾತು ಮಾತ್ರ ಬ್ಯಾಡ.”

ಶಾಂಭವಿ ಗೋಡೆಗೊರಗಿ ಕೂತಳು. ಗೋಡೆಯ ಗೂಡಿನಲ್ಲಿ ಮೂರು ಲೋಟ, ಮೂರು ತಾಟು ಮಗುಚಿಟ್ಟಿದ್ದವು. ಮನೆಯಲ್ಲಿ ಇದ್ದವರು ಇಬ್ಬರು. ನೀಲವ್ವ ಜೋಳದ ಹಿಟ್ಟಿನ ಉಂಡೆಯನ್ನು ಮರದ ಕೊಣಮಿಗೆಯ ಮೇಲಿಟ್ಟು ರೊಟ್ಟಿ ಬಡಿಯತೊಡಗಿದಳು. ನಡುನಡುವೆ ನಿಲ್ಲಿಸಿ ಉಸಿರು ಹಿಡಿದುಕೊಳ್ಳುತ್ತಿದ್ದಳು.

“ನಿಮ್ಮ ಪಡದೇದಾಗ,” ಎಂದಳು, ತಿರುಗಿ ನೋಡದೆ, “ಅಕ್ಕ ಕಾಣಸ್ತಾಳ ಅಂತ ಮಾಬೂಬಿ ಊರಾಗೆಲ್ಲ ಹೇಳ್ಯಾಳ. ಖರೇ ಏನ್ರಿ?”

“ಅಕ್ಕ ಅಂತ ಹೆಂಗ ಹೇಳ್ಲಿ? ಧೂಳು ಸೀಳಿ ಹೋಗೂದು ಕಾಣತದ. ಅದರಾಗ ಬಹಳಷ್ಟು ನಿಮ್ಮಿಬ್ಬರ ಕೈಯಿಂದ ಆಗೂದು.”

“ಉಳದದ್ದು?”

ಸುಳ್ಳು ಹೇಳಬಹುದಿತ್ತು. ಕ್ಯಾಮೆರಾ, ಬಿಸಿಲು, ಹಳೆಯ ಫ್ಯಾನು ಎಂದು ಹತ್ತು ಕಾರಣ ಶಾಂಭವಿಯ ನಾಲಗೆಯ ತುದಿಯಲ್ಲಿದ್ದವು. ಅವಳು ಗೂಡಿನಲ್ಲಿದ್ದ ಒಂದು ತಾಟನ್ನು ತೆಗೆದು ಅದರ ಬೆನ್ನಿಗೆ ಎರಡು ಬೆರಳಿನಿಂದ ತಟ್ಟಿದಳು. ಒಳಗೆ, ಹೊರಗೆ. ಒಳಗೆ, ಹೊರಗೆ. ಹದಿಮೂರು ಸಲ ಆದ ಮೇಲೆ ಮಿಡಿತ ಮುಗ್ಗರಿಸುತ್ತದೆ: ಎರಡು ಚಿಕ್ಕ ಪೆಟ್ಟು, ಬಿಡುವು…

ನೀಲವ್ವನ ಅಂಗೈ ಕೊಣಮಿಗೆಯ ಮೇಲೆ ಬಿತ್ತು. ಒಂದು ದೊಡ್ಡ ಪೆಟ್ಟು. ಆಮೇಲೆ ಒಂದು ಸಣ್ಣದು, ಸವರಿದ ಹಾಗೆ.

ಶಾಂಭವಿ ತಟ್ಟಬೇಕಾಗಿದ್ದುದು ಅದನ್ನೇ. ತಟ್ಟಿರಲಿಲ್ಲ.

ಈರಣ್ಣ ಇನ್ನೊಂದು ಮೈಕಿನ ವೈರು ಸುತ್ತುವುದನ್ನು ನಿಲ್ಲಿಸಿದ. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಯಾರೂ ತೆಗೆಯಲಿಲ್ಲ.

“ಹಂಗ ಕೆಮ್ಮತಿದ್ದಳು,” ಎಂದಳು ನೀಲವ್ವ. “ಎರಡ ಸಣ್ಣವು. ದೊಡ್ಡದು ತಡಕೋತಿದ್ದಳು, ಬಾಜೂದಾಕಿ ಕೆಲಸ ಕೆಡತದ ಅಂತ. ತಡೀಲಾರದ ಬರೂದು. ಆಮ್ಯಾಲ ಸರಳ ಹಿಡಕೊಂಡು ಬಾಯಿ ಒರಸ್ಕೋತಿದ್ದಳು.” ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದಳು: “ಇನ್ನೂ ಕೆಮ್ಮತಾಳೇನ್ರಿ?”

“ನಿಮಿಷಕ್ಕ ಎರಡು ಸಲ.”

“ಸತ್ತು ಹನ್ನೊಂದ ತಿಂಗಳಾತಲ್ರಿ.” ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು. “ಸತ್ತಮ್ಯಾಲರೆ ಬಿಡಬೇಕಲ್ಲ ಅದು. ನಾನು ಅಕಿ ಜಾಗ ಹಿಡದೇನಿ, ಹಿಡದೇನಿ ಅಂತ ಮೆರದೆ. ಅಕಿನ್ನ ಆ ಧೂಳದಾಗ ಹಿಡಕೊಂಡು ನಿಂತೀನಿ ನಾನು.”

“ಹಂಗ ಅಲ್ಲ ನೀಲವ್ವಾ. ಅದು ಲೆಕ್ಕದಾಗ ಉಳದದ್ದು…”

“ನಿಮ್ಮ ಲೆಕ್ಕ ನಿಮಗಿರಲಿ. ಕೊಳವಿ ಹಚ್ರಿ. ಅಕಿ ತಲಿ ಮ್ಯಾಗ ಹಚ್ರಿ. ಮದಲ ಅಕಿಗೆ ಗಾಳಿ ಬರಲಿ.”

ನೂರ ತೊಂಬತ್ತಕ್ಕೆ ಇಳಿದ ತನ್ನ ಎದೆಯ ಮಾತು ಅವಳು ಎತ್ತಲೇ ಇಲ್ಲ. ಶಾಂಭವಿಯೂ ನೆನಪಿಸಲಿಲ್ಲ. ಆದರೆ ಇನ್ನೊಂದು ಮಾತು ಹೇಳಲೇಬೇಕಿತ್ತು.

“ನನ್ನ ಮಷೀನಿಗೆ ಕಣ್ಣು ಅಂದ್ರ ಧೂಳು. ಅದು ಕಡಿಮಿ ಆದ್ರ ಅಲ್ಲಿ ಏನೈತಿ ಏನಿಲ್ಲ, ನನಗೂ ಕಾಣಸೂದಿಲ್ಲ. ಆಮ್ಯಾಲ ಕೇಳಿದ್ರ ಹೇಳಾಕ ಬರೂದಿಲ್ಲ.”

ನೀಲವ್ವ ಕರಕಲು ರೊಟ್ಟಿಯನ್ನು ತೆಗೆದು ಬದಿಗಿಟ್ಟು ಹೊಸ ಉಂಡೆ ತೆಗೆದುಕೊಂಡಳು. “ನಮಗೇನ ಇಷ್ಟ ದಿನ ಕಾಣಸ್ತಿದ್ದಳೇನ್ರಿ?” ಎಂದಳು.

ಭಾನುವಾರ ಗಾರೆ ಕೆಲಸದವರು, ವೆಲ್ಡಿಂಗಿನವರು ಬಂದರು. ಮಿಲ್ಲು ಆರಿದ ಚಹಾದ ಹಾಗೆ ನಿಶ್ಚಲವಾಗಿತ್ತು. ಏಳನೆಯ ಜಾಗದ ಮೇಲೆ ಆನೆಯ ಸೊಂಡಿಲಿನಂಥ ತಗಡಿನ ಕೊಳವೆ ಇಳಿಯಿತು. ವೆಲ್ಡಿಂಗಿನವನು ಕೆಲಸಕ್ಕೆ ಅಡ್ಡವಾಗುತ್ತದೆಂದು ಟವೆಲ್ ಬಿಚ್ಚಲು ಹೋದಾಗ ಗುರುಶಾಂತಪ್ಪ “ಏ, ಅದನ್ನ ಮುಟ್ಟಬ್ಯಾಡ” ಎಂದು ಗದರಿದ. ಆಮೇಲೆ ಶಾಂಭವಿಯ ಕಡೆ ನೋಡಿ, “ಹೆಂಗಸರು ನನ್ನ ಮ್ಯಾಲ ಬರ್ತಾರ್ರಿ, ಅದಕ್ಕ,” ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಸೋಮವಾರ ಎಂಟಕ್ಕೆ ಜಿನ್ನುಗಳು ಶುರುವಾದವು. ತೂಕದ ಕೋಣೆಯಲ್ಲಿ ಶಾಂಭವಿ ಕೆಮ್ಮಿನ ಎಣಿಕೆ ನೋಡುತ್ತ ಕೂತಳು. ಹಿಂದಿನ ಸೋಮವಾರಗಳಲ್ಲಿ ಮೊದಲ ತಾಸಿಗೆ ಮುನ್ನೂರು ದಾಟುತ್ತಿತ್ತು. ಈ ಸಲ ಒಂಬತ್ತಕ್ಕೆ ಅರವತ್ತೆರಡು. ಹತ್ತಕ್ಕೆ ಮೈಕು ಕೆಟ್ಟಿದೆಯೆಂದು ಅನುಮಾನ ಬಂದು ಪರೀಕ್ಷಿಸಿದಳು. ಮಾಬೂಬಿ ಅದರಲ್ಲಿ ತನ್ನ ಅತ್ತೆಯನ್ನು ಬೈಯುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು.

ಹನ್ನೊಂದಾಯಿತು. ಏಳನೆಯ ಜಾಗದಲ್ಲಿ ಎಳೆಗಳು ಒಂದೊಂದಾಗಿ ಮೇಲೆದ್ದು ಕೊಳವೆಯೊಳಗೆ ಮಾಯವಾಗುತ್ತಿದ್ದವು. ಸೀಳು ಇಲ್ಲ. ಮಿಡಿತ ಇಲ್ಲ. ಆ ಚೌಕಗಳ ಮೇಲೆ ಜೋಡಿ ಬೂದು ಬಣ್ಣ ಬಳಿದು ಎರಡು ಮಾತು ಬರೆಯಿತು: ‘ಮಾಹಿತಿ ಸಾಲದು.’ ಹನ್ನೊಂದು ವರ್ಷದ ದುಡಿಮೆಗೆ ಇಷ್ಟು ದೊಡ್ಡ ಗೆಲುವು ಸಿಕ್ಕಿರಲಿಲ್ಲ. ಶಾಂಭವಿಗೆ ಯಾಕೋ ಚಹಾ ಕೂಡ ಸೇರಲಿಲ್ಲ.

ಊಟದ ಬಿಡುವಿಗೆ ಅವಳು ಒಳಗೆ ಹೋದಳು. ನೀಲವ್ವ ಊಟಕ್ಕೆ ಹೋಗದೆ ತನ್ನ ಜಾಗದಲ್ಲೇ ನಿಂತಿದ್ದಳು.

“ಬಂದಾಳೇನ್ರಿ?”

“ಕಾಣಸವಲ್ದು.”

“ಕೆಮ್ಮು?”

“ಅದೂ ಇಲ್ಲ.”

“ಕಾಣಸವಲ್ದು ಅಂದ್ರ ಇಲ್ಲ ಅಂತಲ್ಲ. ಹೌದಲ್ರಿ?”

ಶಾಂಭವಿ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳಿಕೊಡುತ್ತಿದ್ದ ಮೊದಲ ಪಾಠ ಅದೇ. “ಹೌದು,” ಎಂದಳು. “ಇಲ್ಲ ಅಂತಲ್ಲ.”

ನೀಲವ್ವ ತಲೆಯಾಡಿಸಿದಳು. ಸರಳಿನ ಗಂಟು ಹನ್ನೊಂದು ತಿಂಗಳಲ್ಲಿ ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಟವೆಲ್ಲನ್ನು ಕೊಡವಿದಳು. ಎದ್ದ ಧೂಳೆಲ್ಲ ಅವಳ ಮುಖಕ್ಕೆ ಬಾರದೆ ನೆಟ್ಟಗೆ ಮೇಲಕ್ಕೆ ಹೋಯಿತು. ಅದನ್ನು ಅವಳು ಕತ್ತೆತ್ತಿ ಕೊನೆಯ ಎಳೆಯ ತನಕ ನೋಡಿದಳು. ಆಮೇಲೆ ಟವೆಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುರುಶಾಂತಪ್ಪನಿಗೆ, “ಕಳಸ್ರಿ ಯಾರನ್ನ ಕಳಸ್ತೀರಿ,” ಎಂದಳು.

ಮಧ್ಯಾಹ್ನ ಸಾವಂತ್ರಿ ಎಂಬ ಹೊಸ ಹುಡುಗಿ ಬಂದಳು. ಮದುವೆಯಾಗಿ ಊರಿಗೆ ಬಂದು ಎರಡು ತಿಂಗಳು. ಈ ಜಾಗದ ಕತೆ ಅವಳಿಗೆ ಗೊತ್ತಿರಲಿಲ್ಲ, ಮತ್ತು ಆ ದಿನ ಅದನ್ನು ಹೇಳದಿರಲು ಮಾಬೂಬಿಯೂ ಹೇಗೋ ಬಾಯಿ ಕಟ್ಟಿಕೊಂಡಿದ್ದಳು. ಸಾವಂತ್ರಿ ಏಳನೆಯ ಜಾಗದಲ್ಲಿ ನಿಂತು ಅರಳೆಗೆ ಕೈ ಹಾಕಿದಳು. ಕೆಮ್ಮಲಿಲ್ಲ. ಉಸಿರು ಕಟ್ಟಲಿಲ್ಲ. ಕಿಟಕಿ ಸಾಲಿನವರೆಲ್ಲ ಅರಳೆ ನೋಡುವ ಹಾಗೆ ಅವಳನ್ನೇ ನೋಡುತ್ತಿದ್ದರು.

“ಚಲೋ ನಿಂತಿ ತಂಗಿ,” ಎಂದಳು ನೀಲವ್ವ. “ಒಂದೀಟು ಅತ್ತಾಗ ಸರದು ನಿಂದ್ರು.”

ಯಾಕೆಂದು ಸಾವಂತ್ರಿ ಕೇಳಲಿಲ್ಲ. ಹೊಸ ಸೊಸೆಗೆ ಅದು ಆಗಲೇ ರೂಢಿಯಾಗಿತ್ತು. ಮಾಬೂಬಿಯ ಕಡೆ ಸರಿದಳು. ಮಾಬೂಬಿ ಆಚೆ ಸರಿದಳು. ಅವಳ ಹಿಂದೆ ಐದನೆಯವಳು, ನಾಲ್ಕನೆಯವಳು. ಸರಿಯುವಿಕೆ ಸಾಲಿನುದ್ದಕ್ಕೂ ಒಬ್ಬರಿಂದೊಬ್ಬರಿಗೆ ದಾಟುತ್ತ ಹೋಗಿ, ಒಂದನೆಯ ಜಾಗದ ಪಾರವ್ವನನ್ನು ಮುಟ್ಟಿತು.

“ಏ, ಎಷ್ಟ ಸರೀತೀರೇ? ನನಗ ಗ್ವಾಡಿ ಹತ್ತೇತಿ!” ಎಂದು ಪಾರವ್ವ ಕೂಗಿದಳು.

ಯಾರೂ ಹಿಂದಕ್ಕೆ ಸರಿಯಲಿಲ್ಲ. ಸಾವಂತ್ರಿಗೂ ನೀಲವ್ವನಿಗೂ ನಡುವೆ, ಕೊಳವೆಯ ಬಾಯಿಯ ಸರಿಯಾಗಿ ಕೆಳಗೆ, ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು.

ತೂಕದ ಕೋಣೆಯಲ್ಲಿ ಜೋಡಿ ಹೊಸ ಏರ್ಪಾಡಿನ ವಿವರ ಕೇಳುತ್ತ ನಿಂತಿತ್ತು. ಕಿಟಕಿ ಸಾಲಿನಲ್ಲಿ ನಿಂತವರು ಎಷ್ಟು?

“ಹನ್ನೆರಡು ಬರೀರಿ,” ಎಂದ ಗುರುಶಾಂತಪ್ಪ, ಬಾಗಿಲಲ್ಲಿ ನಿಂತು.

ಶಾಂಭವಿ ಹನ್ನೆರಡು ಬರೆದಳು. ಮಾಹಿತಿ ಸಾಲದ ಬೂದು ಚೌಕಗಳನ್ನು ಬಿಟ್ಟರೆ, ಉಳಿದ ಸಾಲಿನ ಉದ್ದಕ್ಕೂ ಲೆಕ್ಕ ತಪ್ಪಿತು. ಅಳಿಸಿ, ಹದಿಮೂರು ಬರೆದಳು. ಒಂದನೆಯ ಜಾಗದಿಂದ ಕೊನೆಯವರೆಗೆ ಲೆಕ್ಕದ ಗಾಳಿ ನಿಜದ ಗಾಳಿಗೆ ಹೊಂದಿಕೊಂಡಿತು.

ಗುರುಶಾಂತಪ್ಪ ಪರದೆಯನ್ನೇ ನೋಡುತ್ತಿದ್ದ. ಕ್ಯಾಮೆರಾ ಒರೆಸಿರಿ ಎನ್ನಲಿಲ್ಲ.

“ಆ ಗ್ವಾಡಿ ಒಂದಿಷ್ಟು ಹಿಂದಕ್ಕ ಸರಸಬೇಕಾಗತದ ಹಂಗಾರ,” ಎಂದ. “ಪಾರವ್ವಗ ಇಕ್ಕಟ್ಟಾಗೇತಿ.”